ಬಲಗಡೆ ಬಿದ್ದ ಹೂ

ಗಾವಡಗೆರೆ
18-8-1969, ಸೋಮವಾರ

ಈ ಕಾಗದ ಒಡೆದು ಓದ್ತಾ ಇರೋರು ಯಾರು? ಭಾಗ್ಯ ಆಗಿದ್ರೆ ಸರಿ. ಬೇರೆ ಯಾರಾದ್ರೂ ಆಗಿದ್ರೆ, ಅಂಚೆಯವನೋ, ಹೋಟ್ಲು ಮುಂದೆ ಕಾಲು ಚಾಚ್ಕೊಂಡು ಕೂತಿರೋ ಸೋಮಾರಿಗಳೋ, ಯಾರೇ ಆಗಿರ್ಲಿ, ನಿಮಗೆ ನಾಚಿಕೆ ಆಗಲ್ವಾ? ಒಂದು ಮುದುಕಿ ಬೆನ್ನು ಬಗ್ಗಿಸ್ಕೊಂಡು ಬರೆದಿರೋದು ನಿಮ್ಮ ಹೊತ್ತು ಕಳೆಯೋಕಲ್ಲ. ಮಡಿಸಿ, ಅನ್ನದ ಅಗುಳು ಹಚ್ಚಿ ಅಂಟಿಸಿ, ಆ ಹುಡುಗಿ ಕೈಗೆ ಕೊಟ್ಬುಡಿ.

ಈಗ ನಿನ್ನ ಸರದಿ ಭಾಗ್ಯ.

ನಿನ್ನ ಕಾಗದ ಬಂತು. "ಮಗುವಿಗೆ ಸ್ವಲ್ಪ ಜ್ವರ ಬಂದಿದ್ದು ಈಗ ಗುಣಮುಖವಾಗಿದೆ, ತಾವು ಚಿಂತಿಸುವ ಅಗತ್ಯವಿಲ್ಲ" ಅಂತ ಬರೆದಿದ್ದೀಯ. ಯಾರೇ ಅದು "ತಾವು"? ನಾನೇನು ನಿಮ್ಮೂರ ಕಂದಾಯದ ಶೇಕದಾರನಾ? ಹುಟ್ಟಿದ ದಿನದಿಂದ ನಿನ್ನ ಎತ್ತಿ ಸಾಕಿದ ಅಜ್ಜಿ ನಾನು. ನಿಜ ಹೇಳೋವಾಗ ನೀನು ನನ್ನಂಗೇ ಮಾತಾಡ್ತೀಯ. ಏನಾದ್ರೂ ಮುಚ್ಚಿಡೋವಾಗ ಮಾತ್ರ ಇಸ್ಕೂಲ್ ಪುಸ್ತಕದಂಗೆ ಆಗ್ಬುಡ್ತೀಯ. ಚಿಕ್ಕೋಳಿದ್ದಾಗ ಹಾಲಿನ ಗಡಿಗೆ ಒಡೆದು "ಅಜ್ಜಿ, ಗಡಿಗೆಯು ತಾನಾಗಿಯೇ ಉರುಳಿತು" ಅಂದೋಳಲ್ವಾ ನೀನು? ಏಳನೇ ಕ್ಲಾಸು ಓದಿಸಿದ್ದು ಇದಕ್ಕಾ? ನಾನು ಓದಿದ್ದು ಎರಡೇ ಕ್ಲಾಸು, ಅದೂ ಜಗಲಿ ಮೇಲೆ ಮರಳು ಹರವಿ ಬೆರಳಲ್ಲಿ ತಿದ್ದಿದ್ದು. ನಿನ್ನ ಸುಳ್ಳು ಓದೋಕೆ ಅಷ್ಟು ಸಾಕು.

ನಮ್ಮ ಪಕ್ಕದ ಮನೆ ಸುನಂದಮ್ಮ ನಿಮ್ಮೂರ ಹತ್ರದ ಕೋಟೆ ಕಡೆ ನೆಂಟರ ಮನೆಗೆ ಹೋಗಿ ಬಂದವಳು, ಬಾವಿ ಹತ್ರ ಎಲ್ಲರ ಮುಂದೆ ಕೇಳಿದ್ಲು. "ಮಲ್ಲಾಜಕ್ಕ, ನಿಮ್ಮ ಮರಿಮಗಳ ಕಾಲು ಬಿದ್ದೋಯ್ತಂತಲ್ಲ, ನಿಜವಾ?" ಕೈಲಿದ್ದ ಹಗ್ಗ ಜಾರಿ ಬಿಂದಿಗೆ ಬಾವಿ ಪಾಲಾಯ್ತು. ಹೊಸ ಬಿಂದಿಗೆ. "ನಿನ್ನ ನಾಲಿಗೆ ಬೀಳಲಿ" ಅಂದುಬುಟ್ಟು ಬಂದೆ. ಮನೆಗೆ ಬಂದು ಒಲೇನೂ ಹಚ್ಚದೆ ಈ ಕಾಗದ ಬರೆಯೋಕೆ ಕೂತೆ.

ನನ್ನ ಹೆಸರಿಟ್ಟ ಹೆಣ್ಣು ಮಗ ಅದು. ನೀನು ಮಲ್ಲಿ ಅಂತ ಕೂಗಿದ್ರೆ ನಾನೂ ತಿರುಗಿ ನೋಡ್ತಿದ್ದೆ. ಯುಗಾದಿಗೆ ನೀವು ಬಂದಾಗ ಕಂಬ ಹಿಡ್ಕೊಂಡು ಎದ್ದು, ತೂರಾಡ್ತಾ ಬಂದು ನನ್ನ ಸೆರಗು ಹಿಡಿದಿತ್ತಲ್ಲ. ಅದನ್ನ ನೋಡೇ ನಾನು ಆಚಾರಿಗೆ ಹೇಳಿ ಮೂರು ಗಾಲಿ ಬಂಡಿ ಮಾಡಿಸಿದ್ದು, ತಳ್ಳಿಕೊಂಡು ನಡೆಯೋಕೆ. ಹಲಸಿನ ಮರದ್ದು. ಕೈಗೆ ಸಿಬರು ಚುಚ್ಚದಂಗೆ ಎರಡು ಸಲ ಉಜ್ಜಿಸಿದ್ದೀನಿ. ಅಟ್ಟದ ಮೇಲೆ ಕೂತದೆ, ಕಳಿಸೋಕೆ ಆಳಿಲ್ಲದೆ.

ಯಾವ ಕಾಲು? ಏನಾಯ್ತು? ಡಾಕ್ಟ್ರು ಏನಂದ್ರು? ನಮ್ಮ ಭಾಷೇಲಿ ಬರಿ.

ನಿನ್ನಜ್ಜಿ
ಮಲ್ಲಾಜಮ್ಮ


ಎನ್. ಬೇಗೂರು
2-9-1969

ಅಜ್ಜಿ,

ಬೈಬೇಡ. ಬೈಸಿಕೊಳ್ಳೋ ಶಕ್ತಿ ಇಲ್ಲ ನಂಗೀಗ.

ಎಡಗಾಲು. ಜ್ವರ ಬಂದು ಮೈಯೆಲ್ಲ ಸುಡ್ತಿತ್ತು. ಇವರು ಕಾಂಪೌಂಡರನ್ನ ಕರ್ಕೊಂಡು ಬಂದ್ರು, ಇಂಜೆಕ್ಷನ್ ಕೊಟ್ರು. ಜ್ವರ ಇಳೀತು. ನಗ್ತಾ ಹಾಲು ಕುಡಿದ್ಲು. ಗಂಡಾಂತರ ಕಳೀತು ಅಂತ ನಾನೂ ತಲೆಗೆ ನೀರು ಹಾಕ್ಕೊಂಡೆ. ಬೆಳಿಗ್ಗೆ ಎತ್ತಿ ನೆಲಕ್ಕೆ ಬಿಟ್ರೆ, ಎಡಗಾಲು ಒದ್ದೆ ಬಟ್ಟೆ ಥರ ಮಡಚಿಕೊಂಡ್ತು. ಆಟ ಆಡ್ತಾ ಅವ್ಳೆ ಅನ್ಕೊಂಡು ಮತ್ತೆ ನಿಲ್ಲಿಸ್ದೆ. ಅವಳೂ ಆಟ ಅನ್ಕೊಂಡು ನಕ್ಕಳು. ಮತ್ತೆ ನಿಲ್ಲಿಸ್ದೆ. ಆಮೇಲೆ ಇಬ್ಬರೂ ನಗ್ಲಿಲ್ಲ.

ಇವರು ಅವಳನ್ನ ಹೆಗಲ ಮೇಲೆ ಹಾಕ್ಕೊಂಡು ಮಳೇಲಿ ಮೈಸೂರಿನ ಆಸ್ಪತ್ರೆಗೆ ಹೋದ್ರು, ನಾನು ಹಿಂದೆ. ನರಕ್ಕೆ ಬರೋ ಕಾಯಿಲೆಯಂತೆ. ಅಲ್ಲಿ ವರಾಂಡದಲ್ಲಿ ಇಂಥವೇ ಮಕ್ಕಳು ಸಾಲಾಗಿ ಕೂತಿದ್ವು ಅಜ್ಜಿ, ಎಲ್ಲರ ತಾಯಂದಿರೂ ಮಕ್ಕಳ ಕಾಲು ಮುಚ್ಕೊಂಡು. ಒಬ್ಬರ ಮುಖ ಒಬ್ಬರು ನೋಡ್ತಿರ್ಲಿಲ್ಲ. ಕೆಲವು ತಿಂಗಳು ಬಿಟ್ಟು ಕರ್ಕೊಂಡು ಬನ್ನಿ, ಕಬ್ಬಿಣದ ಪಟ್ಟಿ ಇರೋ ಬೂಟು ಹಾಕಿ ನಿಲ್ಲಿಸ್ಬೋದು ಅಂದ್ರು. ಮುಂದಿನ ವಿಚಾರವಾಗಿ ವೈದ್ಯರು ಖಚಿತವಾಗಿ ಏನನ್ನೂ ತಿಳಿಸಲಿಲ್ಲ.

ಬಂಡಿ ಅಲ್ಲೇ ಇರಲಿ.

ಭಾಗ್ಯ


ಗಾವಡಗೆರೆ
22-9-1969, ಸೋಮವಾರ

ಭಾಗ್ಯ,

ಮೊದಲು ನಿನ್ನ ಗಂಡ ರುದ್ರಸ್ವಾಮಿಗೆ ಇದನ್ನ ಓದಿ ಹೇಳು. ಮದುವೇಲಿ ಕಾಲು ತೊಳೆದೋಳೂ ನಾನೇ, ಈಗ ಬೈಯೋಳೂ ನಾನೇ. ಕೂಸಿನ ಮೈ ಕೆಂಡ ಆಗಿರೋವಾಗ ಯಾರಾದ್ರೂ ಸೂಜಿ ಚುಚ್ಚಿಸ್ತಾರೇನಪ್ಪ? ಅಷ್ಟು ದೊಡ್ಡ ತಲೆ ಮೇಲೆ ಅಷ್ಟು ದೊಡ್ಡ ಪೇಟ ಸುತ್ತಿದ್ದೆಯಲ್ಲ ಧಾರೆ ದಿನ, ಒಳಗೇನೂ ಮಡಗಿರ್ಲಿಲ್ವಾ? ಆ ಸೂಜಿನೇ ನನ್ನ ಮಲ್ಲಿ ಕಾಲು ತಿಂದಿದ್ದು.

ಈಗ ಒಳ್ಳೆ ಸುದ್ದಿ. ಇವತ್ತು ನಮ್ಮೂರ ಮಾದಪ್ಪನ ಗುಡೀಲಿ ಹೂ ಕೇಳಿದೆ.

ಪೂಜಾರಿ ಪುಟ್ಟಮಲ್ಲಪ್ಪ ದೇವರಿಗೆ ನೀರು ಹಾಕಿ, ಒದ್ದೆ ಕಲ್ಲಿನ ಮೇಲೆ ಆ ಕಡೆ ಒಂದು ಈ ಕಡೆ ಒಂದು ಕಣಗಲೆ ಹೂ ಅಂಟಿಸಿದ. ಬಲಗಡೆದು ಮೊದಲು ಬಿದ್ರೆ ಆಗ್ತದೆ, ಎಡಗಡೆದು ಬಿದ್ರೆ ಆಗಲ್ಲ, ನಿಂಗೂ ಗೊತ್ತಲ್ಲ. ನಿನ್ನ ಮದುವೆಗೂ ಅಂಗೇ ಕೇಳಿದ್ದು. ಮಂಡಿ ಊರಿ ಕೇಳಿದೆ. "ಅಪ್ಪಾ ಮಾದಪ್ಪ, ನನ್ನ ಮಲ್ಲಿ ಕಾಲು ಬರ್ತದಾ? ಬರೋದಾದ್ರೆ ಬಲಗಡೆ ಕೊಡು." ಅವನು ಸುಮ್ನೆ ಕೂತವ್ನೆ. ಪುಟ್ಟಮಲ್ಲಪ್ಪ ಆಕಳಿಸ್ತಾ ಅವ್ನೆ. ನಾನು ಉಸಿರು ಹಿಡ್ಕೊಂಡು ನೋಡ್ತಾ ಇದ್ದೀನಿ, ರೆಪ್ಪೆ ಬಡಿದ್ರೆ ಎಲ್ಲಿ ತಪ್ಪೋಗ್ತದೋ ಅಂತ. ಬಿತ್ತು ನೋಡು, ಬಲಗಡೆ! ನಾನು ಅಲ್ಲೇ ಅತ್ಬುಟ್ಟೆ. ಅತ್ತಿದ್ದನ್ನ ಯಾರಿಗೂ ಹೇಳಬೇಡ ಅಂತ ಪುಟ್ಟಮಲ್ಲಪ್ಪನಿಗೆ ಹೇಳಿದ್ದೀನಿ. ಆ ಹೂವನ್ನ ಈ ಕಾಗದದ ಒಳಗೆ ಮಡಗಿದ್ದೀನಿ, ಮಲ್ಲಿ ದಿಂಬಿನ ಕೆಳಗೆ ಹಾಕು.

ಇನ್ನು ಮಾಡಬೇಕಾದ್ದು ಕೇಳು. ಹಿತ್ತಲಲ್ಲಿ ಮಲ್ಲಿ ಸೊಂಟದ ಮಟ್ಟಕ್ಕೆ ಗುಂಡಿ ತೋಡಿ, ಬಿಸಿಲಿಗೆ ಕಾದ ಮರಳು ತುಂಬಿ, ದಿನಾ ಅದ್ರಲ್ಲಿ ನಿಲ್ಲಿಸು. ಅತ್ರೆ ಅಳಲಿ, ನಿನ್ನ ಮನಸ್ಸು ಕರಗಬಾರ್ದು. ನಿಮ್ಮೂರಿಂದ ಗಡಿ ದಾಟಿದ್ರೆ ಮಲೆಯಾಳದ ವೈದ್ಯರು ಸಿಗ್ತಾರೆ, ಅವರ ಎಣ್ಣೆ ತಂದು ತೊಡೆಯಿಂದ ಕೆಳಕ್ಕೆ ತಿಕ್ಕು. ಆಮೇಲೆ ಆ ಕಬ್ಬಿಣದ ಬೂಟು. ಅದನ್ನ ಮಾತ್ರ ಹಾಕಿಸಬೇಡ. ದೇವರು ಹೂ ಕೊಟ್ಟ ಮೇಲೆ ಕಬ್ಬಿಣ ಕಟ್ಟೋದು ಅಂದ್ರೆ ಅವನ ಮಾತು ನಂಬಲ್ಲ ಅಂದಂಗೆ. ಹೆಣ್ಣು ಮಗ ಅದು. ಕಾಲಿಗೆ ಗೆಜ್ಜೆ ಕಟ್ಟೋ ಕಡೆ ಕಬ್ಬಿಣ ಕಟ್ತೀಯಾ?

ಮಲ್ಲಿ ನಿಂತ ದಿನ ಬೆಳ್ಳಿ ಕಾಲು ಮಾಡಿಸಿ ಒಪ್ಪಿಸ್ತೀನಿ ಅಂತ ಹರಕೆ ಹೊತ್ತಿದ್ದೀನಿ. ನನ್ನ ಸೊಂಟದ ಡಾಬು ಅದೆಯಲ್ಲ, ಇನ್ನು ಅದನ್ನ ಹಾಕ್ಕೊಂಡು ನಾನು ಯಾರ ಮುಂದೆ ಕುಣೀಬೇಕು.

ಕಾಲು ಹೆಂಗದೆ ಅಂತ ವಾರಕ್ಕೊಂದು ಕಾಗದ ಬರಿ.

ಮಲ್ಲಾಜಮ್ಮ


ಗಾವಡಗೆರೆ
19-1-1970, ಸೋಮವಾರ

ಭಾಗ್ಯ,

ವಾರಕ್ಕೊಂದು ಅಂದ್ರೆ ತಿಂಗಳಿಗೊಂದೂ ಇಲ್ಲ. ಗಂಡನ್ನ ಬೈದೆ ಅಂತ ಮೂತಿ ತಿರುಗಿಸ್ಕೊಂಡಿದ್ದೀಯಾ? ಬೈದ್ರೆ ಬೈದೆ. ನನ್ನ ಬಾಯಿ ನಿಂಗೆ ಹೊಸದಾ?

ಸಂಕ್ರಾಂತಿ ಆಯ್ತು. ಎಳ್ಳು ಬೀರೋಕೆ ಬಂದೋರೆಲ್ಲ ಮರಿಮಗಳ ಕಾಲು ಹೆಂಗದೆ ಅಂತ ಕೇಳೋರೇ. ಬರ್ತಾ ಅದೆ, ಬೆರಳು ಆಡಿಸ್ತಾಳಂತೆ ಅಂದೆ. ನೀನು ಬರೆದಿರ್ಲಿಲ್ಲ. ನಾನೇ ಅಂದೆ. ಆಡಿಸ್ತಾಳಾ?

ಇವತ್ತು ಮತ್ತೆ ಹೂ ಕೇಳೋಕೆ ಹೋಗಿದ್ದೆ. ಎಡಗಡೆ ಬಿತ್ತು. ಗಾಳಿ ಬೀಸಿದ್ದು, ಲೆಕ್ಕಕ್ಕಿಲ್ಲ ಅಂದೆ. "ಬಾಗಿಲು ಹಾಕಿದೆ, ಗಾಳಿ ಎಲ್ಲಿಂದ ಬಂತಮ್ಮ?" ಅಂದ ಪುಟ್ಟಮಲ್ಲಪ್ಪ. "ನೀನು ಆಕಳಿಸಿದೆಯಲ್ಲ, ಅದೇ ಗಾಳಿ" ಅಂದೆ. ಮತ್ತೆ ಇಡಿಸಿದೆ. ಮತ್ತೆ ಎಡಗಡೆ. ಹೂ ಬಾಡಿದ್ವು, ಬೇರೆ ಕಿತ್ಕೊಂಡು ಬಾ ಅಂತ ಕಳಿಸಿದೆ. ಅವನು ಗೊಣಗ್ತಾ ಹೋಗಿ ತಂದ. ಆಗ ಬಿತ್ತು ಬಲಗಡೆ. ನೋಡಿದೆಯಾ, ಹೂ ಚೆನ್ನಾಗಿದ್ರೆ ದೇವರು ಸರಿಯಾಗೇ ಹೇಳ್ತಾನೆ.

ಗುಂಡೀಲಿ ನಿಲ್ಲಿಸ್ತಾ ಇದ್ದೀಯಾ? ಎಣ್ಣೆ?

ಮಲ್ಲಾಜಮ್ಮ


ಗಾವಡಗೆರೆ
ಯುಗಾದಿ ಮಾರನೇ ದಿನ, 1970

ಭಾಗ್ಯ,

ಬೇವು ಬೆಲ್ಲ ಒಬ್ಬಳೇ ತಿಂದೆ. ಬಂಡಿ ಗಾಲಿಗೆ ಎಣ್ಣೆ ಹಾಕಿದ್ದೀನಿ, ಕಿರ್ ಅನ್ನಬಾರ್ದು ಅಂತ.

ಕಾರ್ಡು ಬರೆಯೋಕೂ ಕೈ ಇಲ್ವಾ?

ಮಲ್ಲಾಜಮ್ಮ


ಎನ್. ಬೇಗೂರು
14-9-1970

ಪೂಜ್ಯ ಅಜ್ಜಿಯವರಿಗೆ,

ಇಲ್ಲಿ ನಾವೆಲ್ಲರೂ ಕ್ಷೇಮ. ತಮಗೆ ಸಂತೋಷದ ಸಮಾಚಾರವೊಂದನ್ನು ತಿಳಿಸಲು ಈ ಪತ್ರ. ಕಳೆದ ವಾರ ಮಲ್ಲಿಯು ಎದ್ದು ನಿಂತಳು. ಗೋಡೆಯನ್ನು ಹಿಡಿದುಕೊಂಡು ಕೆಲವು ಹೆಜ್ಜೆಗಳನ್ನೂ ಇಟ್ಟಳು. ತಾವು ಇನ್ನು ಮನಸ್ಸಿಗೆ ನೋವು ಮಾಡಿಕೊಳ್ಳಬಾರದು. ಆರೋಗ್ಯದ ಕಡೆ ಗಮನ ಕೊಡಬೇಕು.

ಇಂತಿ,
ಭಾಗ್ಯಮ್ಮ


ಗಾವಡಗೆರೆ
28-9-1970, ಸೋಮವಾರ

ನನ್ನ ಬಂಗಾರ, ಭಾಗ್ಯ,

ನಿಂತಳು! ನಿಂತಳು ಅಂತ ಬರೆದಿದ್ದೀಯ! ಆ ಒಂದು ಸಾಲನ್ನ ಎಷ್ಟು ಸಲ ಓದಿದೆ ಅಂದ್ರೆ ಅಕ್ಷರ ಸವೆದೋಗ್ತವೇನೋ ಅಂತ ನಿಲ್ಲಿಸ್ದೆ.

ಅಂಚೆಯವನು ಕಾಗದ ಕೊಟ್ಟು ಇನ್ನೂ ಸೈಕಲ್ ಹತ್ತಿರ್ಲಿಲ್ಲ, ನಾನು ಬೀದೀಲಿದ್ದೆ. ಸುನಂದಮ್ಮನ ಬಾಗಿಲಿಗೇ ಮೊದಲು ಹೋಗಿದ್ದು. "ಕಾಲು ಬಿದ್ದೋಯ್ತಂತಲ್ಲ ಅಂದಿದ್ದೆಯಲ್ಲ, ಕೇಳ್ಕೋ ಈಗ, ಎದ್ದದೆ" ಅಂದೆ. ಪಾಪ, ಅವಳೂ ಕಣ್ಣಲ್ಲಿ ನೀರು ಹಾಕ್ಕೊಂಡ್ಲು. ಕೆಟ್ಟೋಳಲ್ಲ ಅವಳು, ಬಾಯಿ ಅಷ್ಟೇ. ಯಾರಿಗಿಲ್ಲ ಬಾಯಿ.

ಡಾಬು ಕರಗಿಸಿ ಬೆಳ್ಳಿ ಕಾಲು ಮಾಡಿಸಿದೆ. ಎಡಗಾಲು ಮಾಡಪ್ಪ ಅಂದ್ರೆ ಅಕ್ಕಸಾಲಿ ಎಡವೋ ಬಲವೋ ಗೊತ್ತಾಗದಂಗೆ ಮಾಡವ್ನೆ. ಹೆಬ್ಬೆರಳು ಎಲ್ಲಪ್ಪ ಅಂದ್ರೆ, ದೇವರಿಗೆ ಗೊತ್ತಾಗ್ತದೆ ಬುಡಮ್ಮ ಅಂದ. ಇವತ್ತು ಒಪ್ಪಿಸಿದೆ. ಬೀದಿಗೆಲ್ಲ ಪಾಯಸ ಹಾಕಿಸಿದೆ. ಪುಟ್ಟಮಲ್ಲಪ್ಪ ಎಲ್ಲರ ಮುಂದೆ ಹೇಳ್ದ, ಮಲ್ಲಾಜಮ್ಮನ ಹಟಕ್ಕೆ ಮಾದಪ್ಪನೇ ಸೋತ ಅಂತ. ಸೋಲಲಿ. ಒಂದು ಸಲನಾದ್ರೂ ಸೋಲಲಿ.

ರುದ್ರಸ್ವಾಮಿಗೆ ನಾನು ಅಂದಿದ್ದೆಲ್ಲ ಹೊಟ್ಟೆಗೆ ಹಾಕ್ಕೊಳ್ಳೋಕೆ ಹೇಳು.

ದೀಪಾವಳಿಗೆ ನಾನೇ ಬತ್ತೀನಿ. ಹುಣಸೂರಿಗೆ ಹೋಗಿ ಕೋಟೆ ಬಸ್ಸು ಹಿಡಿದು ಬತ್ತೀನಿ, ಯಾರೂ ಬೇಡ ಜೊತೇಲಿ. ನೀನು ಒಂದೇ ಕೆಲಸ ಮಾಡು. ಮಲ್ಲೀನ ಎತ್ಕೊಂಡು ಬರಬೇಡ. ಬಸ್ಸು ನಿಲ್ಲೋ ತಾವಿಗೆ ನಡೆಸ್ಕೊಂಡು ಬಾ. ನಾನು ಬಸ್ಸಿಂದ ಇಳಿಯೋವಾಗ ಅವಳು ತನ್ನ ಕಾಲ ಮೇಲೆ ನಿಂತಿರಬೇಕು. ಗೆಜ್ಜೆ ತರ್ತೀನಿ.

ನಿನ್ನಜ್ಜಿ
ಮಲ್ಲಾಜಮ್ಮ


ಎನ್. ಬೇಗೂರು
12-10-1970

ಅಜ್ಜಿ,

ಗೆಜ್ಜೆ ತರಬೇಡ. ಇದನ್ನ ಓದಿದ ಮೇಲೂ ಬರಬೇಕು ಅನ್ಸಿದ್ರೆ ಬಾ.

ಮಲ್ಲಿ ನಿಂತಿರೋದು ಕಬ್ಬಿಣದಲ್ಲಿ.

ಹೋದ ವರ್ಷ ಆಸ್ಪತ್ರೇಲಿ ಮೊದಲನೇ ದಿನವೇ ಹೇಳಿದ್ರು ಡಾಕ್ಟ್ರು. ಆ ಕಾಲಿಗೆ ಮತ್ತೆ ಜೀವ ಬರಲ್ಲಮ್ಮ, ಯಾರು ಏನು ಹೇಳಿದ್ರೂ ನಂಬಬೇಡಿ ಅಂತ. ಇಂಜೆಕ್ಷನ್ ಕೊಡೋಕೆ ಮುಂಚೇನೇ ಕಾಯಿಲೆ ಒಳಗೆ ಇಳಿದಿತ್ತಂತೆ. ನಿಂಗೆ ಬರೆಯೋಕೆ ಕೂತಾಗ ಕೈ ಬರ್ಲಿಲ್ಲ. ಆಮೇಲೆ ನಿನ್ನ ಹೂ ಬಂತು. ನಾನೂ ನಂಬ್ದೆ ಅಜ್ಜಿ. ಡಾಕ್ಟ್ರಿಗಿಂತ ನಿನ್ನ ಹೂವನ್ನೇ ನಂಬ್ದೆ. ದಿಂಬಿನ ಕೆಳಗೆ ಅದು ಪುಡಿ ಆಗೋವರೆಗೂ ಮಡಗಿದ್ದೆ.

ಗುಂಡಿ ತೋಡಿಸ್ದೆ. ದಿನಾ ನಿಲ್ಲಿಸ್ದೆ. ಮೊದಮೊದಲು ಅಳ್ತಿದ್ಲು. ಆಮೇಲೆ ಗುಂಡಿ ಕಡೆ ಹೆಜ್ಜೆ ಹಾಕಿದ್ರೇ ನನ್ನ ಕತ್ತು ಗಟ್ಟಿಯಾಗಿ ತಬ್ಬಿಕೊಳ್ಳೋಳು. ನೀನು ಮನಸ್ಸು ಕರಗಬಾರ್ದು ಅಂದಿದ್ದೆಯಲ್ಲ, ಆ ಕೈ ಬಿಡಿಸಿ ಬಿಡಿಸಿ ಇಳಿಸಿದೆ. ಒಂದಿನ ಮರಳಲ್ಲಿ ಕೆಂಪಿರುವೆ ಹೊಕ್ಕಿದ್ವು. ಕಿರುಚಿದ್ಲು ಅಂತ ಎತ್ತಿ ಆಚೆ ಕೂರಿಸಿದ್ರೆ ಬಲಗಾಲು ಒದರಿಕೊಂಡ್ಲು. ಎಡಗಾಲು ತುಂಬ ಇರುವೆ, ಅದನ್ನ ಒದರೋಕೆ ಆಗ್ದೆ ಅಳ್ತಾ ನೋಡ್ತಿದ್ಲು. ಅವತ್ತು ಗುಂಡಿ ಮುಚ್ಚಿದೆ.

ಆದ್ರೂ ಬೂಟು ಹಾಕಿಸೋಕೆ ಧೈರ್ಯ ಬರ್ಲಿಲ್ಲ. ನೀನು ಬೇಡ ಅಂದಿದ್ದೆ, ದೇವರ ಮಾತು ಅಂದಿದ್ದೆ. ಇವರು ಹೇಳ್ತಾನೇ ಇದ್ರು, ನಾನು ನಾಳೆ ನಾಡಿದ್ದು ಅಂದೆ. ಈ ಆಷಾಢದಲ್ಲಿ ಕೊನೆಗೂ ಹೋದಾಗ ಡಾಕ್ಟ್ರು ಅವಳ ಮಂಡಿ ಮುಟ್ಟಿ ನೋಡಿ, ಇಷ್ಟು ದಿನ ಏನು ಮಾಡ್ತಿದ್ರಿ ಅಂದ್ರು. ಮಂಡಿ ನೇರ ಆಗದಂಗೆ ಎಳ್ಕೊಂಡುಬಿಟ್ಟಿದೆ. ಮುಂಚೆ ಬಂದಿದ್ರೆ ಇಷ್ಟು ಆಗ್ತಿರ್ಲಿಲ್ಲ ಅಂದ್ರು. ಇವರು ನನ್ನ ಮುಖ ನೋಡ್ಲಿಲ್ಲ, ಗೋಡೆ ನೋಡ್ತಾ ನಿಂತಿದ್ರು. ನೀನು ಬೈದ ಮನುಷ್ಯ ನನ್ನ ಇವತ್ತಿನವರೆಗೂ ಒಂದು ಮಾತು ಅಂದಿಲ್ಲ.

ಅವಳು ಬರೀ ಕಾಲಲ್ಲಿ ಯಾವತ್ತೂ ನಡೆಯಲ್ಲ ಅಜ್ಜಿ.

ಎದ್ದು ನಿಂತಳು ಅಂತ ನಾನು ಬರೆದಿದ್ದು ಸುಳ್ಳಲ್ಲ. ನೀನು ಸುಖವಾಗಿರು ಅಂತ ಬರೆದೆ. ಬೆಳ್ಳಿ ಕಾಲು, ಪಾಯಸ, ಇದೆಲ್ಲ ಮಾಡ್ತೀಯ ಅಂತ ಗೊತ್ತಿದ್ರೆ ಬರೀತಿರ್ಲಿಲ್ಲ.

ಒಂದು ಮಾತು ಕೇಳ್ತೀನಿ. ಇಷ್ಟು ಕಾಗದ ಬರೆದೆಯಲ್ಲ, ಕಾಲು ಹೆಂಗದೆ, ಕಾಲು ಬಂತಾ, ಬೆರಳು ಆಡಿಸ್ತಾಳಾ ಅಂತ. ಒಂದ್ಸಲನಾದ್ರೂ ಮಲ್ಲಿ ಹೆಂಗವ್ಳೆ ಅಂತ ಕೇಳಿದ್ಯಾ?

ಇನ್ನು ನನ್ನ ಮಗಳ ಮೇಲೆ ಹೂ ಕೇಳಬೇಡ.

ನಿನ್ನ ಸಾಲುಗಳೆಲ್ಲ ಕೆಳಕ್ಕೆ ಜಾರ್ತಾ ಅವೆ, ಒಂದರ ಮೇಲೊಂದು ಹತ್ಕೊಂಡವೆ. ಕಣ್ಣು ಹೆಂಗದೆ?

ಭಾಗ್ಯ


ಗಾವಡಗೆರೆ
2-11-1970, ಸೋಮವಾರ

ಕಾಗದ ಬಂತು. ಹಬ್ಬಕ್ಕೆ ಬರೋಕಾಗ್ಲಿಲ್ಲ.

ಕಣ್ಣು ಚೆನ್ನಾಗವೆ.

ಮ.


ಗಾವಡಗೆರೆ
1-2-1971, ಸೋಮವಾರ

ಭಾಗ್ಯ,

ಇವತ್ತು ಯಾರನ್ನೂ ಬೈಯಬಾರ್ದು ಅಂತ ಕೂತಿದ್ದೀನಿ. ಎಷ್ಟು ಹೊತ್ತು ಆಗ್ತದೋ ನೋಡಾನ.

ನಿನ್ನ ಕಾಗದ ಬಂದಾಗ ಕೋಪ ಬಂತು. ನಿನ್ನ ಮೇಲೆ ಬಂತು, ಡಾಕ್ಟ್ರ ಮೇಲೆ ಬಂತು, ಮಾದಪ್ಪನ ಮೇಲೆ ಬಂತು. ಬೀದಿಗೆಲ್ಲ ಪಾಯಸ ಹಾಕಿದೋಳು, ಈಗ ಬಾವಿ ಹತ್ರ ಏನು ಮುಖ ಹೊತ್ಕೊಂಡು ಹೋಗಲಿ ಅಂತ ಬಂತು. ಬೆಳಗಾಗೋ ಮುಂಚೆ ನೀರು ಸೇದ್ಕೊಂಡು ಬಂದುಬುಡ್ತಿದ್ದೆ. ಒಂದಿನ ಸುನಂದಮ್ಮ ಬಾಗಿಲಿಗೆ ಬಂದು ಏನಾಯ್ತು ಅಂದ್ಲು. ಹೇಳಿಬುಟ್ಟೆ. ಅವಳು ಒಳಕ್ಕೆ ಬಂದು ನನ್ನ ಜೊತೆ ಕೂತು ಅವರೆಕಾಯಿ ಸುಲಿದ್ಲು, ಮೊರ ತುಂಬೋವರೆಗೂ. ಆ ಬಾಯಿ ಅಷ್ಟು ಹೊತ್ತು ಮುಚ್ಕೊಂಡಿದ್ದು ನಾನು ಅವತ್ತೇ ನೋಡಿದ್ದು.

ಕೋಪ ಇಳಿದ ಮೇಲೂ ನಿನ್ನ ಒಂದು ಮಾತು ಇಳೀಲಿಲ್ಲ. ಮಲ್ಲಿ ಹೆಂಗವ್ಳೆ ಅಂತ ಕೇಳಿದ್ಯಾ ಅಂದ್ಯಲ್ಲ. ಒಲೆ ಮುಂದೆ ಕೂತ್ರೂ ಅದೇ, ಕಸ ಗುಡಿಸಿದ್ರೂ ಅದೇ. ಕೇಳಿಲ್ಲ ಕಣೆ. ಕೇಳಿಲ್ಲ. ಆ ಇರುವೆ ವಿಚಾರ ಓದಿದ ಮೇಲೆ ನಾನು ನನ್ನ ಎಡಗಾಲು ಮುಟ್ಟಿ ಮುಟ್ಟಿ ನೋಡ್ಕೋತೀನಿ, ಹುಚ್ಚಿ ಥರ. ಬೂಟು ಹಾಕಿಸದೆ ಕಳೆದ ದಿನ ನಾನು ವಾಪಸ್ ತಂದುಕೊಡೋಕೆ ಆಗಲ್ಲ. ರುದ್ರಸ್ವಾಮಿಗೆ ಇದನ್ನೂ ಓದಿ ಹೇಳು. ಅವತ್ತಿಂದು ಓದಿ ಹೇಳಿದ್ದೆಯಲ್ಲ, ಇದನ್ನೂ ಹೇಳು.

ಈಗ ಇನ್ನೊಂದು. ಇದನ್ನ ನಾನು ಯಾರಿಗೂ ಹೇಳಿಲ್ಲ.

ನಿಮ್ಮವ್ವ ಸುಂದ್ರಮ್ಮ ನಿನ್ನ ಹೆತ್ತು ಹೋದ್ಲು ಅಂತ ಮಾತ್ರ ನಿಂಗೆ ಗೊತ್ತು. ಅವತ್ತು ನಾನು ಎಲ್ಲಿದ್ದೆ ಅಂತ ನೀನೂ ಕೇಳಿಲ್ಲ, ನಾನೂ ಹೇಳಿಲ್ಲ. ಗುಡೀಲಿದ್ದೆ. ನೋವು ಶುರುವಾಗಿ ಎರಡನೇ ದಿನ. ಸೂಲಗಿತ್ತಿ ನನ್ನ ನೋಡಿ, ನೀನು ಇಲ್ಲಿ ಬಡ್ಕೊಂಡ್ರೆ ನನ್ನ ಕೈ ಓಡಲ್ಲ, ಹೋಗು ಹೂ ಕೇಳ್ಕೊಂಡು ಬಾ ಅಂತ ಕಳಿಸಿದ್ಲು. ಹೊಸಲು ದಾಟೋವಾಗ ಸುಂದ್ರ "ಅವ್ವಾ" ಅಂದ್ಲು. ಬಂದೆ ಇರು ಅಂದೆ. ಪುಟ್ಟಮಲ್ಲಪ್ಪನ ಅಪ್ಪ ಇದ್ರು ಆಗ ಪೂಜೆಗೆ. ಹೂ ಬೀಳ್ಲೇ ಇಲ್ಲ. ಎರಡೂ ಕಲ್ಲಿಗೆ ಅಂಟ್ಕೊಂಡು ಕೂತವೆ. ನಾನು ಏಳ್ಲಿಲ್ಲ, ಬಿದ್ದೇ ಬೀಳ್ತದೆ ಅಂತ ಕೂತಿದ್ದೆ. ಬಿಸಿಲು ಹೊಸಲಿಂದ ಒಳಕ್ಕೆ ಬಂತು, ಮತ್ತೆ ಆಚೆಗೆ ಹೋಯ್ತು. ಬಿತ್ತು ಕೊನೆಗೆ, ಬಲಗಡೆ. ಮುಷ್ಟೀಲಿ ಹಿಡ್ಕೊಂಡು ಓಡಿ ಬಂದೆ, ಬಲಗಡೆ ಆಯ್ತು, ಬಲಗಡೆ ಆಯ್ತು ಅಂತ ಬೀದಿಗೆಲ್ಲ ಕೂಗ್ಕೊಂಡು. ಮನೆ ಮುಂದೆ ಜನ ನಿಂತಿದ್ರು. ನನ್ನ ಕಂಡು ದಾರಿ ಬುಟ್ರು. ಒಳಗೆ ನೀನು ಅಳ್ತಿದ್ದೆ, ಅವಳು ಅಳ್ತಿರ್ಲಿಲ್ಲ. ಅವಳ ತಲೆಗೆ ಆ ಹೂ ಮುಡಿಸಿದೆ. ಎತ್ಕೊಂಡು ಹೋಗೋವಾಗ್ಲೂ ಅದು ಬಾಡಿರ್ಲಿಲ್ಲ.

ಹೂ ಮಗೀಗೆ ಆಗಿತ್ತು ಕಣಮ್ಮ, ತಾಯಿಗಲ್ಲ ಅಂದ್ರು ಪೂಜಾರಿ. ನಾನು ಕೇಳಿದ್ದು ಅವಳನ್ನ, ಸಿಕ್ಕಿದ್ದು ನೀನು. ನೀನು ಸಿಕ್ಕಿದ್ದಕ್ಕೆ ಒಂದು ದಿನವೂ ಬೇಜಾರು ಮಾಡ್ಕೊಂಡಿಲ್ಲ. ಅವಳು ಹೋಗಿದ್ದನ್ನ ಒಂದು ದಿನವೂ ಮರೆತಿಲ್ಲ. ಆಮೇಲೂ ಯಾಕೆ ಕೇಳ್ತಾ ಬಂದೆ ಅಂತೀಯಾ? ಏನೂ ಮಾಡೋಕಾಗದೆ ಕೈ ಕಟ್ಕೊಂಡು ಕೂರೋದು ನಂಗೆ ಬರಲ್ಲ. ಕೇಳ್ತಾ ಇದ್ರೆ ಏನೋ ಮಾಡ್ತಾ ಇದ್ದೀನಿ ಅನ್ಸೋದು. ಅಷ್ಟೇ ಕಣೆ ಅದು.

ನೀನು ಬೇಡ ಅಂದ ಮೇಲೆ ಕೇಳಿಲ್ಲ. ಗುಡಿಗೆ ಹೋಗೋದು ಬುಟ್ಟಿಲ್ಲ. ಇವತ್ತೂ ಹೋಗಿದ್ದೆ. ಪುಟ್ಟಮಲ್ಲಪ್ಪ ಎರಡು ಹೂ ಇಟ್ಟ, ಅಭ್ಯಾಸ ಅವನಿಗೆ. ನಾನು ಕೈ ಮುಗಿದು ಎದ್ದೆ. "ಇದೇನಮ್ಮ, ಇನ್ನೂ ಬಿದ್ದಿಲ್ಲ, ಎದ್ದುಬುಟ್ರಿ!" ಅಂದ. "ಬಿದ್ದಾಗ ಬೀಳ್ಲಿ ಬುಡಪ್ಪ. ಒಲೆ ಮೇಲೆ ಸಾರು ಮಡಗಿ ಬಂದಿದ್ದೀನಿ" ಅಂದುಬುಟ್ಟು ಬಂದೆ. ಮೆಟ್ಟಲಿಳಿಯೋವಾಗ ಕತ್ತು ತಾನೇ ಹಿಂದಕ್ಕೆ ತಿರುಗೋಕೆ ನೋಡ್ತು. ಕಂಬ ಹಿಡ್ಕೊಂಡು ನಿಂತೆ ಸ್ವಲ್ಪ ಹೊತ್ತು. ತಿರುಗಿಸ್ಲಿಲ್ಲ. ಸಾರು ಸೀದಿತ್ತು, ಅದು ಬೇರೆ ವಿಚಾರ.

ಬೆಳ್ಳಿ ಕಾಲು ವಾಪಸ್ ತಗೋತೀರಾ ಅಂತ ಕೇಳ್ದ ಪುಟ್ಟಮಲ್ಲಪ್ಪ, ಮೆತ್ತಗೆ. ಬೇಡ ಅಂದೆ. ಮೂರು ಗಾಲಿ ಬಂಡೀನ ಸುನಂದಮ್ಮನ ಮೊಮ್ಮಗನಿಗೆ ಕೊಟ್ಟೆ. ಆ ಕೂಸು ಬೀದಿ ತುಂಬ ಗಡಗಡ ಅನ್ನಿಸ್ಕೊಂಡು ತಳ್ತದೆ. ಕೊಟ್ಟ ದಿನ ಒಳಕ್ಕೆ ಬಂದು ಬಾಗಿಲು ಹಾಕ್ಕೊಂಡೆ. ಈಗ ಬಾಗಿಲು ತೆಗೆದೇ ಇರ್ತೀನಿ.

ಕಣ್ಣು ಚೆನ್ನಾಗವೆ ಅಂದಿದ್ದು ಸುಳ್ಳು. ಬಲಗಣ್ಣಿಗೆ ಪೊರೆ ಬಂದದೆ, ಎಡಗಣ್ಣಿಗೂ ಬರ್ತಾ ಅದೆ. ಎಡ ಬಲ ಕಾಣದೆ ಹೂ ಕೇಳೋದು ಬುಟ್ಲು ಮುದುಕಿ ಅಂತ ಅನ್ಕೋಬೇಡ. ಕಂಡಿದ್ರೂ ಬುಡ್ತಿದ್ದೆ. ಹುಣಸೂರಿಗೆ ಕಣ್ಣಿನ ಡಾಕ್ಟ್ರು ಬಂದಾಗ ತೋರಿಸ್ಕೋತೀನಿ. ಬಂದ್ರೆ ಬಂತು ಬೆಳಕು, ಇಲ್ಲದಿದ್ರೆ ಇಲ್ಲ. ಈ ಕಾಗದ ಬರೆಯೋದ್ರೊಳಗೆ ಹೊತ್ತು ಮುಳುಗ್ತು. ನಿನ್ನ ಉತ್ತರ ಸುನಂದಮ್ಮನ ಮಗಳು ಓದಿ ಹೇಳ್ತಾಳೆ, ಸುನಂದಮ್ಮನೂ ಪಕ್ಕದಲ್ಲಿ ಕೂತು ಕೇಳ್ತಾಳೆ. ಕೇಳಲಿ. ಯಾರು ಬೇಕಾದ್ರೂ ಕೇಳಲಿ.

ಈಗ ನಾನು ಕೇಳ್ತೀನಿ, ನೀನು ಹೇಳು. ಮಲ್ಲಿ ಹೆಂಗವ್ಳೆ? ಮಾತು ಎಷ್ಟು ಬಂತು? ಬೈತಾಳಾ? ಬೈದ್ರೆ ಯಾರಂಗೆ ಬೈತಾಳೆ? ಬೆಲ್ಲ ಕದೀತಾಳಾ? ಅಪ್ಪನ ಹೆಗಲು ಬೇಕೋ ನಿನ್ನ ಸೊಂಟ ಬೇಕೋ? ಆ ಬೂಟಿಗೆ ಅವಳು ಏನಂತ ಹೆಸರಿಟ್ಟವ್ಳೆ? ಮಕ್ಕಳು ಇಟ್ಟೇ ಇಡ್ತವೆ. ಕಬ್ಬಿಣ ಹೊಸಲಿಗೆ ತಗುಲಿದ್ರೆ ಏನು ಸದ್ದು ಬರ್ತದೆ? ನಾನು ಬಂದಾಗ ನಂಗೆ ಅವಳ ಮುಖ ಮಬ್ಬು ಮಬ್ಬು ಕಾಣ್ತದೆ. ಆ ಸದ್ದು ಗೊತ್ತಿದ್ರೆ, ಅವಳೇ ಬರ್ತಾ ಅವ್ಳೆ ಅಂತ ಎದ್ದು ಕೈ ಚಾಚ್ತೀನಿ.

ಮುಂದಿನ ತಿಂಗಳು ಹುಟ್ಟೋದ್ರೊಳಗೆ ಉತ್ತರ ಬರಬೇಕು. "ತಾವು" ಅಂತ ಒಂದು ಕಡೆ ಇದ್ರೂ ಹಂಗೇ ವಾಪಸ್ ಕಳಿಸ್ತೀನಿ. ಬರಿ.

ನಿನ್ನಜ್ಜಿ
ಮಲ್ಲಾಜಮ್ಮ